ವೈಶಾಲಿಯ ಪಕ್ಷ

ಠಾಕುರ್ಲಿ ಪೂರ್ವ,
4 ಫೆಬ್ರವರಿ 2025, ಮಂಗಳವಾರ

ಚಿ. ನಿಶಾಳಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾನು, ನಿನ್ನ ಪಪ್ಪ, ತಮ್ಮ ವಿಶ್ರುತ ಮೂವರೂ ಮೈಯಲ್ಲಿ ಆರಾಮವಾಗಿದ್ದೇವೆ. ಮನಸ್ಸಿನ ವಿಷಯ ಮುಂದೆ ಬರೆಯುತ್ತೇನೆ. ನೀನು ಅಲ್ಲಿ ನೆರೂಳಿನ ಪೀಜಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ಫೋನು ಎತ್ತಿದರಲ್ಲವೇ ಕೇಳುವುದು.

ಬರೆಯಲು ತಡವಾಯಿತು, ಬೇಸರಿಸಬೇಡ. ಒಂದು ವಾರ ಪುರುಸೊತ್ತು ಸಿಗಲಿಲ್ಲ, ಇನ್ನೊಂದು ವಾರ ಮಾತು ಸಿಗಲಿಲ್ಲ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಿನಗೆ ನಗು ಬರಬಹುದು. ಫೋನು ಮಾಡಿದರೆ “ಬಾದ್ ಮೇ ಬಾತ್ ಕರ್ತೀ ಹೂಂ ಅಮ್ಮ” ಎಂದು ಕಟ್ ಮಾಡುತ್ತೀ. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಕನ್ನಡ ಅಕ್ಷರವನ್ನು ನೀನು ಒಂದಕ್ಕೊಂದು ಕೂಡಿಸಿ ಓದುವವಳಾದ್ದರಿಂದ ಈ ಕಾಗದ ಮುಗಿಸಲು ನಿನಗೆ ಕಡಿಮೆಯೆಂದರೂ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನನ್ನ ಎದುರು ಕೂತಿದ್ದೀ ಎಂದು ತಿಳಿಯುತ್ತೇನೆ. ತುಳುವಿನಲ್ಲಿ ಬೈದರೆ ನಿನಗೆ ಬೇಗ ತಾಗುತ್ತದೆ, ಆದರೆ ಬರೆಯುವ ಕೈಗೆ ಕನ್ನಡವೇ ರೂಢಿ. ವಿಶ್ರುತ ನಾಳೆ ವಾಶಿಗೆ ಹೋಗುವವನು ಹಾಗೆಯೇ ಮುಂದೆ ಬಂದು ಇದನ್ನು ಕೊಡುತ್ತಾನೆ. ಅವನ ಹತ್ತಿರ ಜಗಳ ಮಾಡಬೇಡ. ಮಾಡಲೇಬೇಕೆಂದಿದ್ದರೆ ಡಬ್ಬಿ ತೆಗೆದುಕೊಂಡ ಮೇಲೆ ಮಾಡು, ಅದರಲ್ಲಿ ಕಾಯಿ ಬರ್ಫಿ ಉಂಟು.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಪಪ್ಪನ ಹತ್ತಿರ ಮಾತು ಬಿಟ್ಟದ್ದು ಆ ವಿಡಿಯೋ ನೋಡಿ. ಈ ಸಲದ ಹಾಕಿ ಕ್ಯಾಂಪಿಗೆ ಬರುವುದಿಲ್ಲ, ಪ್ಯಾಡು ಕಳಚಿಟ್ಟೆ ಎಂದು ನಿಮ್ಮ ಕೋಚಿಗೆ ಹೇಳಿದ್ದೂ ಅದೇ ವಿಡಿಯೋದಿಂದ ಎಂದು ವಿಶ್ರುತ ಹೇಳಿದ. ಕ್ಯಾಂಪ್ ಬರುವ ಸೋಮವಾರ ಶುರುವಂತೆ. ಅಷ್ಟರೊಳಗೆ ಆ ದಿನ ನಡೆದದ್ದನ್ನು ನೀನು ಪೂರ್ತಿ ತಿಳಿಯಬೇಕು. ನೀನು ನೋಡಿದ್ದು ಒಂದು ತುಂಡು ಮಾತ್ರ. ನಾನು ಇಡೀ ಮಧ್ಯಾಹ್ನ ಎರಡನೇ ಸಾಲಿನಲ್ಲಿ ಕೂತು ನೋಡಿದವಳು.

ಆ ಆದಿತ್ಯವಾರ ಡೊಂಬಿವಲಿಯ ನಮ್ಮ ಸಂಘದಲ್ಲಿ ವರ್ಷಾವಧಿಯ ತಾಳಮದ್ದಳೆ. ಅದು ಮುಗಿದ ಮೇಲೆ ವೈಶಾಲಿಗೆ ಸನ್ಮಾನ ಎಂದು ಇಟ್ಟಿದ್ದರು. ನಮ್ಮ ವಿಠ್ಠಲವಾಡಿಯ ಕನ್ನಡದ ಹುಡುಗಿ ದೇಶದ ತಂಡದ ಗೋಲಿನಲ್ಲಿ ನಿಲ್ಲುತ್ತಾಳೆ ಎಂದರೆ ಸಂಘದವರಿಗೆ ಹೆಮ್ಮೆಯಿರುವುದಿಲ್ಲವೇ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಹಾಕಿ ಸ್ಟಿಕ್ಕಿನ ಯಾವ ತುದಿ ಹಿಡಿಯಬೇಕೆಂದು ಗೊತ್ತಿಲ್ಲ, ಆದರೂ ಎಲ್ಲರೂ ಅವಳನ್ನು ಎತ್ತಿ ಆಡಿಸಿದವರೇ. ನಿನ್ನನ್ನೂ ಕರೆದಿದ್ದರು. ನಿನಗೆ ಆಫೀಸಿತ್ತು. ಆದಿತ್ಯವಾರ ಎಂಥ ಆಫೀಸು ಎಂದು ನಾನು ಕೇಳಲಿಲ್ಲ.

ನಿನಗೆ ತಾಳಮದ್ದಳೆ ಎಂದರೆ ಪಪ್ಪ ಬಿಳಿ ಪಂಚೆ ಉಟ್ಟು ಹೋಗಿ ಗಂಟಲು ಕಟ್ಟಿಸಿಕೊಂಡು ಬರುವ ಒಂದು ಕಾರ್ಯಕ್ರಮ, ಅಷ್ಟೇ. ತಪ್ಪು ನಿನ್ನದಲ್ಲ, ನಾವು ನಿನ್ನನ್ನು ಯಾವತ್ತೂ ಕೂರಿಸಿ ಹೇಳಿಕೊಟ್ಟವರಲ್ಲ. ಯಕ್ಷಗಾನದ ಹಾಗೆ ಅದರಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಆಮೇಲೆ ಒಬ್ಬ ಕೃಷ್ಣನಾಗಿ, ಒಬ್ಬ ಕೌರವನಾಗಿ ಕೂತಲ್ಲೇ ಕೂತು ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಬಾಯಿಪಾಠದ ಮಾತಿಲ್ಲ. ಎದುರಿನವನು ಏನು ಹೇಳಿದರೂ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು, ಕೊಡದೆ ಬಿಟ್ಟರೆ ಸೋತ ಹಾಗೆ. ಮಾತಾಡುವವನ ಸ್ವಂತ ಅಭಿಪ್ರಾಯ ಯಾರಿಗೂ ಬೇಡ, ಪಾತ್ರದ ಅಭಿಪ್ರಾಯವನ್ನು ಮಾತ್ರ ಅವನು ಹೊರಬೇಕು. ಹೋದ ವರ್ಷ ನಿನ್ನ ಪಪ್ಪ ಕೌರವನಾಗಿ ಪಾಂಡವರಿಗೆ ಒಂದು ಅಂಗುಲ ಭೂಮಿಯನ್ನೂ ಕೊಡುವುದಿಲ್ಲ ಎಂದು ಸಾಧಿಸಿ ಗೆದ್ದು ಬಂದರು. ಮನೆಗೆ ಬಂದು ನಮ್ಮ ಪಾರ್ಕಿಂಗ್ ಜಾಗವನ್ನು ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟರು.

ಆ ದಿನ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಅರ್ಧ ಗಾಡಿ ರದ್ದು. ಭಾಗವತರು, ಮದ್ದಳೆಯವರು, ಎದುರು ಪಾತ್ರ ವಹಿಸುವವರು ಎಲ್ಲ ಮುಲುಂಡಿನ ಆಚೆ ಗಾಡಿಯಲ್ಲಿ ಸಿಕ್ಕಿಬಿದ್ದಿದ್ದರು. ಸಭೆ ತುಂಬಿದೆ, ವೈಶಾಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಾಳೆ, ವೇದಿಕೆ ಖಾಲಿ. ಸಂಘದ ಕಾರ್ಯದರ್ಶಿ ವಾಸು ಗೊತ್ತಲ್ಲ, ಅವನಿಗೆ ಖಾಲಿ ವೇದಿಕೆ ಕಂಡರೆ ಮೈಯಲ್ಲಿ ತುರಿಕೆ. ಮೈಕು ಹಿಡಿದು, “ಭಾಗವತರು ಬರುವ ತನಕ ಒಂದು ಹೊಸ ಪ್ರಸಂಗ ಮಾಡುವ. ಇವತ್ತಿನ ಹಾಕಿಯಲ್ಲಿ ನಮ್ಮ ವೈಶಾಲಿಯೇ ಎಲ್ಲರಿಗಿಂತ ಶ್ರೇಷ್ಠಳಾ, ಅಲ್ಲವಾ? ಕಮಲಾಕ್ಷಣ್ಣ ಒಂದು ಪಕ್ಷ, ಕೈಲಾಸ ರಾಯರು ಇನ್ನೊಂದು ಪಕ್ಷ” ಎಂದು ನಿನ್ನ ಪಪ್ಪನ ಹೆಸರನ್ನೂ ಎಳೆದು ಸಾರಿಬಿಟ್ಟ. ಯಾರು ಯಾವ ಪಕ್ಷ ಎಂದು ಒಳಗೆ ಕರೆದು ಹಂಚಿದನಂತೆ. ಹೊರಗೆ ಬಂದಾಗ ಪಪ್ಪನ ಪಾಲಿಗೆ ವೈಶಾಲಿಯ ಪಕ್ಷ ಬಂದಿತ್ತು.

ಕೈಲಾಸ ರಾಯರನ್ನು ನೀನು ನೋಡಿದ್ದೀ, ಧಾರವಾಡ ಕಡೆಯವರು, ಬ್ಯಾಂಕಿನಿಂದ ರಿಟೈರಾಗಿ ಕಲ್ಯಾಣದಲ್ಲಿದ್ದಾರೆ. ಒಳ್ಳೆಯ ಮಾತುಗಾರರು, ಆದರೆ ತಾಳಮದ್ದಳೆಯ ಗಾಳಿ ಸೋಕಿದವರಲ್ಲ. ಇದನ್ನು ನೆನಪಿಟ್ಟುಕೋ.

ವಾದ ಬಹಳ ಚೆನ್ನಾಗಿ ಶುರುವಾಯಿತು. ಹೋಟೆಲಿನ ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವ ಮನುಷ್ಯ ಇವರೇನಾ ಎಂದು ನನಗೇ ಅನಿಸಿತು. “ಗೋಲು ಹೊಡೆದವಳನ್ನು ನೀವು ಹೆಗಲ ಮೇಲೆ ಹೊರುತ್ತೀರಿ. ಆಗದೆ ಹೋದ ಗೋಲನ್ನು ಯಾರು ಹೊರುತ್ತಾರೆ? ಅದಕ್ಕೆ ಆಕಾರವಿಲ್ಲ, ಸದ್ದಿಲ್ಲ, ಮರುದಿನದ ಪೇಪರಿನಲ್ಲಿ ಅದರ ಚಿತ್ರವೂ ಇಲ್ಲ. ಕಾಣದ ಕೆಲಸವನ್ನು ಕಾಣುವ ಹಾಗೆ ಮಾಡಿದವಳು ವೈಶಾಲಿ” ಎಂದರು.

ಕೈಲಾಸ ರಾಯರು ಬಿಡಲಿಲ್ಲ. “ಅಲ್ರೀ ಕಮಲಾಕ್ಷಣ್ಣಾರ, ಗೋಲ್‌ಕೀಪರಗ ಕೆಲಸ ಹೆಚ್ಚಾತು ಅಂದ್ರ ಮುಂದಿನ ಹತ್ತು ಮಂದಿ ನಿದ್ದಿ ಹೊಡ್ಯಾಕತ್ತಾರ ಅಂತ ಆತಲ್ಲ. ಹಾಕಿ ಅಂದ್ರ ಓಡೂ ಆಟ. ಅದರಾಗ ಒಂದ ಕಡೆ ನಿಂತಾಕಿನ್ನ ಎಲ್ಲಾರಿಗಿಂತ ದೊಡ್ಡಾಕಿ ಅಂದ್ರ, ಬಾಕಿ ಮಂದಿ ಸುಮ್ಮನ ಓಡಿ ಬೆವರು ಸುರಿಸ್ಯಾರೇನ್ರಿ?”

“ಓಡುವವರು ತಪ್ಪಿದರೆ ಹಿಂದೆ ಇನ್ನೊಬ್ಬರಿದ್ದಾರೆ. ಅವಳು ತಪ್ಪಿದರೆ ಹಿಂದೆ ಬಲೆ ಮಾತ್ರ ಇದೆ” ಎಂದು ಪಪ್ಪ ಹೇಳಿದರು. ಆಮೇಲೆ ಶೂಟೌಟಿನ ಮಾತು ತೆಗೆದರು. ಎದುರಿನವಳು ಚೆಂಡು ಹಿಡಿದು ಒಬ್ಬಳೇ ಓಡಿ ಬರುವಾಗ ಬೇರೆ ಕೀಪರುಗಳು ಹೆದರಿ ಮೊದಲೇ ಮೈ ಚೆಲ್ಲುತ್ತಾರೆ, ವೈಶಾಲಿ ಕಾಯುತ್ತಾಳೆ, ಅವಳು ಕಾಯುವುದನ್ನು ನೋಡಿಯೇ ಎದುರಿನವಳ ಕೈ ತಡವರಿಸುತ್ತದೆ ಎಂದರು. ಕೈಲಾಸ ರಾಯರು ಅದಕ್ಕೆ, ಕಾದು ಕೂತು ಕೆಟ್ಟವರೂ ಇದ್ದಾರೆ ಎಂದು ಹೋದ ವರ್ಷದ ಒಂದು ಸೋಲಿನ ಲೆಕ್ಕ ತೆಗೆದರು. ಆಟ ಬಲ್ಲವರು ತಲೆದೂಗಿದರು. ನಾನು ಬಲ್ಲದಿದ್ದರೂ ದೂಗಿದೆ. ಪೆನಾಲ್ಟಿ ಕಾರ್ನರ್ ಎಂದರೆ ಏನೆಂದು ನೀನು ಊಟದ ತಟ್ಟೆಯಲ್ಲಿ ಅನ್ನದ ಮುದ್ದೆ, ಬೀನ್ಸ್ ಪಲ್ಯ ಇಟ್ಟು ನನಗೆ ತೋರಿಸಿದವಳಲ್ಲವೇ, ಅಷ್ಟೇ ನನ್ನ ಹಾಕಿ.

ಇಲ್ಲಿಯ ತನಕ ಎಲ್ಲ ಸರಿಯಿತ್ತು. ಆಗ ಕೈಲಾಸ ರಾಯರು ಒಂದು ಮರ್ಯಾದೆಯ ಕೆಲಸ ಮಾಡಿದರು. ಅವರ ಕಡೆ ವಾದ ಕಾವೇರಿದಾಗ ಎದುರಿನವನ ಮನೆಯವರ ಬಗ್ಗೆ ಒಂದು ಒಳ್ಳೆಯ ಮಾತು ಆಡಿ ತಣ್ಣಗೆ ಮಾಡುವ ಪದ್ಧತಿಯಂತೆ. ಅವನು ನಗುತ್ತಾನೆ, ಇವರೂ ನಗುತ್ತಾರೆ, ಚಹಾ ಬರುತ್ತದೆ. ಅವರು ಪಪ್ಪನ ಕಡೆ ನಗುತ್ತಾ ತಿರುಗಿ, “ಆತು ಕಮಲಾಕ್ಷಣ್ಣಾರ, ನಿಮ್ಮ ಮಾತೆಲ್ಲಾ ಒಪ್ಪೂಣು. ಆದ್ರ ಅದ ತಂಡದಾಗ ಇನ್ನೊಬ್ಬಾಕಿ ಕೀಪರ್ ಅದಾಳ, ಇದ ಠಾಕುರ್ಲಿ ಹುಡುಗಿ. ಆಕಿನ್ನ ನಿಲ್ಲಾಕ ಬಿಟ್ಟಿದ್ರ ಆಕೀನೂ ಇಷ್ಟ ಹಿಡೀತಿದ್ದಳು. ಒಬ್ಬಾಕಿನ್ನ ನಿಲ್ಲಾಕ ಬಿಡದ ಇನ್ನೊಬ್ಬಾಕಿ ಶ್ರೇಷ್ಠ ಅನ್ನೂದು ಯಾವ ನ್ಯಾಯ?” ಎಂದರು.

ಸಭೆಯಲ್ಲಿ ಎಲ್ಲರಿಗೂ ಅದು ನೀನೆಂದು ಗೊತ್ತಾಯಿತು. ಎಲ್ಲರೂ ಪಪ್ಪನ ಮುಖ ನೋಡಿದರು. ರಾಯರು ನಿನ್ನನ್ನು ಹೊಗಳಿದ್ದೇನೋ ನಿಜ. ಆದರೆ ನಮ್ಮವರ ತಾಳಮದ್ದಳೆಯ ಕಟ್ಟಿನಲ್ಲಿ ಅದು ಹೊಗಳಿಕೆಯಲ್ಲ, ಎದುರು ಪಕ್ಷದ ವಾದ. ಅದಕ್ಕೆ ಉತ್ತರ ಬರಲೇಬೇಕು. ಪಪ್ಪ ಸ್ವಲ್ಪ ನೀರು ಕುಡಿದರು. ಆಮೇಲೆ ಆ ಮಾತು ಹೇಳಿದರು.

“ಬೆಂಚಿನ ಮೇಲೆ ಕೂತವರ ಶ್ರೇಷ್ಠತೆಗೆ ಸಾಕ್ಷಿ ಏನು? ಕೂತ ಬೆಂಚೇ?”

ಇದನ್ನು ನಾನು ಬರೆಯಬಾರದೆಂದಿದ್ದೆ. ಆದರೆ ನಿನಗೆ ಬಾಯಿಪಾಠವಾಗಿರುವ ಮಾತನ್ನು ನಾನು ಮುಚ್ಚಿಟ್ಟು ಏನು ಪ್ರಯೋಜನ. ಸಭೆ ಗೊಳ್ಳೆಂದು ನಕ್ಕಿತು, ಚಪ್ಪಾಳೆ ಬಿತ್ತು. ನಿನ್ನ ತಮ್ಮ ಹಿಂದೆ ನಿಂತು ಮೊಬೈಲಿನಲ್ಲಿ ಹಿಡಿಯುತ್ತಿದ್ದವನು “ಪಪ್ಪಾನೆ ಕ್ಯಾ ಬೋಲಾ ಯಾರ್” ಎಂದು ಕುಣಿದು, ಅಷ್ಟನ್ನೇ ಕತ್ತರಿಸಿ ಗ್ರೂಪಿಗೆ ಹಾಕಿದ. ಅಕ್ಕ ನೋಡುತ್ತಾಳೆ ಎಂಬ ಬುದ್ಧಿ ಅವನಿಗೆ ಆಮೇಲೆ ಬಂತು. ನಾನು ಅವನಿಗೆ ಬೈದದ್ದು ನಾಲ್ಕು ಮನೆಗೆ ಕೇಳಿಸಿದೆ, ಹಾಗಾಗಿ ನಿನ್ನ ಪಾಲಿನದನ್ನು ಸ್ವಲ್ಪ ಕಡಿಮೆ ಮಾಡು.

ಅವನ ತುಂಡು ನಗುವಿನಲ್ಲಿ ಮುಗಿಯುತ್ತದೆ. ನಗು ನಿಂತ ಮೇಲೆ ಏನಾಯಿತೆಂದು ನೀನು ನೋಡಲಿಲ್ಲ. ನಿನ್ನ ಪಪ್ಪನಿಗೆ ಮಾತು ನಿಂತುಹೋಯಿತು ಮಗಾ. ಪಂಚೆಯ ಅಂಚು ಸರಿ ಮಾಡಿಕೊಂಡರು. ಪುಣ್ಯಕ್ಕೆ ಅಷ್ಟರಲ್ಲಿ ಭಾಗವತರು ಬೆವರು ಒರೆಸುತ್ತಾ ಬಂದರು. ಆಮೇಲಿನ ಪ್ರಸಂಗದಲ್ಲಿ ಪಪ್ಪ ಎರಡು ಸಲ ಪದ್ಯದ ಎತ್ತುಗಡೆ, ಎಂದರೆ ಭಾಗವತರಿಗೆ ಮುಂದಿನ ಪದ ಶುರು ಮಾಡಲು ಕೊಡುವ ಮಾತು, ತಪ್ಪಿದರು. ಇಷ್ಟು ವರ್ಷದಲ್ಲಿ ನಾನು ಹಾಗೆ ಕಂಡದ್ದಿಲ್ಲ.

ಕೋಪ ಬರುವುದು ಸಹಜ. ನನಗೂ ಬಂತು. ಮನೆಗೆ ಬರುವಾಗ ರಿಕ್ಷಾದಲ್ಲಿ ನಾನು ಅವರ ಹತ್ತಿರ ಮಾತಾಡಲಿಲ್ಲ. ಆದರೆ ಒಂದು ಯೋಚನೆ ಮಾಡು. ಪಾತ್ರ ಬಂದ ಮೇಲೆ ಆ ಪಾತ್ರಕ್ಕೆ ದ್ರೋಹ ಮಾಡಬಾರದು ಎಂದು ಸಣ್ಣದರಿಂದ ಕಲಿತ ಮನುಷ್ಯ ಅವರು. ನೀನು ಗೋಲಿನಲ್ಲಿ ನಿಂತಾಗ ಎದುರಿನ ತಂಡದಲ್ಲಿ ನಿನ್ನ ಗೆಳತಿ ಇದ್ದರೆ ಚೆಂಡು ಬಿಡುತ್ತೀಯಾ? ಅವರ ಪಾಲಿಗೆ ಬಂದದ್ದು ವೈಶಾಲಿಯ ಪಕ್ಷ. ಅದನ್ನು ಅವರು ಆಡಿದರು. ಅದರಲ್ಲಿ ನಿನ್ನ ಅಪ್ಪ ಮಾತಾಡಲಿಲ್ಲ, ಆ ಪಕ್ಷ ಮಾತಾಡಿತು. ನಾನು ಹೀಗೆ ತಿಳಿದುಕೊಂಡ ಮೇಲೆ ನನಗೆ ಅನ್ನ ಇಳಿಯಿತು. ನಿನಗೂ ಇಳಿಯಲಿ ಎಂದು ಬರೆಯುತ್ತಿದ್ದೇನೆ.

ಅವರ ಸ್ಥಿತಿ ಹೇಳುತ್ತೇನೆ ಕೇಳು. ಕೋಪರಿಯ ನಮ್ಮ ಹೋಟೆಲಿನಲ್ಲಿ ಈಗ ಎಲ್ಲ ಮೇಜಿನಲ್ಲೂ ಇದೇ ಚರ್ಚೆ. ವಿಡಿಯೋ ಮರಾಠಿಯವರಿಗೂ ಮುಟ್ಟಿದೆ, ಯಾರೋ ಕೆಳಗೆ ಅರ್ಥ ಬರೆದು ಹಾಕಿದ್ದಾರೆ. ಒಬ್ಬ ವೈಶಾಲಿಯೇ ನಂಬರ್ ಒನ್ ಎನ್ನುತ್ತಾನೆ, ಇನ್ನೊಬ್ಬ ಗೋಲು ಹೊಡೆಯುವವರೇ ದೊಡ್ಡವರು ಎನ್ನುತ್ತಾನೆ, ಮತ್ತೆ ಇಬ್ಬರೂ ಗಲ್ಲಾದ ಕಡೆ ತಿರುಗಿ “ಅಣ್ಣಾ, ತುಮ್ಹೀ ಸಾಂಗಾ” ಎಂದು ತೀರ್ಪು ಕೇಳುತ್ತಾರೆ. ಮೊದಲಾದರೆ ಇವರು ಬಿಲ್ಲು ಬದಿಗಿಟ್ಟು ಅವರ ಮೇಜಿಗೇ ಹೋಗಿ ಕೂರುತ್ತಿದ್ದರು. ಈಗ “ಇಡ್ಲಿ ಗರಮ್ ಆಹೆ” ಎಂದು ಮಾತು ತಪ್ಪಿಸುತ್ತಾರೆ. ಟೀವಿಯಲ್ಲಿ ಆಟದ ಚಾನೆಲ್ ಹಾಕಲು ಬಿಡುವುದಿಲ್ಲ. ನಿನಗೆ ಫೋನು ಹಚ್ಚುತ್ತಾರೆ, ನೀನು ಎತ್ತುವುದಿಲ್ಲ, ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿ ಮೇಲಿನಿಂದ ಒಮ್ಮೆ ತಟ್ಟುತ್ತಾರೆ.

ಇನ್ನೊಂದು ಸುದ್ದಿ. ಹೋದ ಗುರುವಾರ ಕಾಳವ್ವ ಬಂದಿದ್ದರು, ವೈಶಾಲಿಯ ಅಮ್ಮ. ಅವರ ಯಜಮಾನರು ಶಿವಪ್ಪನವರಿಗೆ ಉಲ್ಲಾಸನಗರದಲ್ಲಿ ಬಟ್ಟೆ ಅಂಗಡಿ ಅಲ್ಲವೇ, ಅಂಗಡಿಯ ಕಾರಿನಲ್ಲಿ ಒಬ್ಬರೇ ಬಂದರು. ನಾನು ಕುಪ್ಪಸದ ಬಟ್ಟೆ ಕೊಟ್ಟು ಹೋಗಲು ಬಂದಿರಬೇಕು, ಮಗಳನ್ನು ಹೊಗಳಿದ್ದಕ್ಕೆ ಉಪಕಾರ ಸ್ಮರಿಸಲು ಬಂದಿರಬೇಕು ಎಂದುಕೊಂಡು ಸ್ವಲ್ಪ ಬಿಗಿಯಾಗಿಯೇ ಕಾಫಿ ಕೊಟ್ಟೆ. ಅವರು ಲೋಟ ಮುಟ್ಟದೆ ಹೇಳಿದರು.

“ಅಕ್ಕಾರ, ನಿಮ್ಮ ಮನಿಯವ್ರು ನನ್ನ ಮಗಳನ್ನ ಆಕಾಶಕ್ಕ ಏರಿಸಿದ್ರು. ಆದ್ರ ಆಕಿ ಅವತ್ತು ಮನಿಗೆ ಬಂದು ಉಣ್ಣಲಿಲ್ರಿ. ಹಾಕಿದ ಶಾಲು ಬಿಚ್ಚಿ ಮಂಚದ ಮ್ಯಾಲೆ ಒಗದ್ಲು. ನಿಶಾನ್ನ ಆಡಿಕೊಂಡು ಮಂದಿ ನಕ್ರು, ನಾ ಅಲ್ಲೇ ಕುಂತಿದ್ನೆವ್ವ ಅಂತ ಅಂದ್ಲು.”

ಅವರು ಕುರ್ಚಿ ನನ್ನ ಹತ್ತಿರ ಎಳೆದುಕೊಂಡರು.

“ಒಂದು ಮಾತು ನಿಮ್ಮ ಹೊಟ್ಯಾಗ ಇಟಗೋರಿ, ಇಲ್ಲಾ ನಿಮ್ಮ ಮಗಳಿಗೆ ಹೇಳ್ರಿ, ಅದು ನಿಮಗ ಬಿಟ್ಟದ್ದು. ಹ್ವಾದ ವರ್ಷ ಆಕಿ ಬೆರಳು ಸೀಳಿತ್ರಿ. ಬಾತಿತ್ತು, ಗ್ಲೌಸ್ ಒಳಗ ಹೋಗವಲ್ದು. ಕೋಚಿಗೆ ಹೇಳು ಅಂದ್ನಿ, ಬ್ಯಾಡ ಅಂದ್ಲು. ನಿಶಾ ಒಂದು ಮ್ಯಾಚ್ ನಿಂತ್ಲು ಅಂದ್ರ ನನಗ ಆ ಜಾಗಾ ತಿರುಗಿ ಸಿಗೂದಿಲ್ಲವ್ವ ಅಂದ್ಲು. ಆ ಬೆರಳಿಗೆ ಪಟ್ಟಿ ಬಿಗಿದು ಆಡಿದ್ಲು. ಎದುರಿನ ಟೀಮಿಂದು ನನ್ನ ಮಗಳಿಗೆ ಹೆದರಿಕಿ ಇಲ್ರಿ ಅಕ್ಕಾರ. ಹಿಂದ ಕುಂತಾಕಿದು ಐತಿ.”

ಅವರು ಹೋದ ಮೇಲೆ ನಾನು ಆ ತಣ್ಣಗಾದ ಕಾಫಿ ಚೆಲ್ಲಿ ಲೋಟ ತೊಳೆದಿಟ್ಟೆ. ಮಗಳ ಗುಟ್ಟನ್ನು ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಬಂದು ಹೇಳಬೇಕಾದರೆ ಅವರ ಮನೆಯಲ್ಲೂ ಎಂಥ ಒತ್ತಡ ಇರಬೇಡ. ನೀವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಕಲ್ಯಾಣದ ಆ ಶಾಲೆಯ ಮೈದಾನಕ್ಕೆ ಹೋಗುವುದನ್ನು ನೋಡಿದವಳು ನಾನು. ಅವರ ಮನೆಯ ಜೋಳದ ರೊಟ್ಟಿ ನಿನ್ನ ಡಬ್ಬಿಯಲ್ಲಿ, ನಮ್ಮ ಮನೆಯ ನೀರುದೋಸೆ ಅವಳ ಡಬ್ಬಿಯಲ್ಲಿ ಇರುತ್ತಿತ್ತು. ಯಾವ ದಿನದಿಂದ ನೀವು ಒಬ್ಬರಿಗೊಬ್ಬರು ಮೆಸೇಜು ಮಾಡುವುದು ಬಿಟ್ಟಿರಿ? ಹನ್ನೊಂದು ಜನ ಆಡುವ ಆಟದಲ್ಲಿ ಒಬ್ಬರೇ ನಿಲ್ಲುವ ಜಾಗವನ್ನೇ ಇಬ್ಬರೂ ಹಿಡಿದದ್ದು ನಿಮ್ಮ ಗ್ರಹಚಾರ.

ನಿನಗೆ ಇದನ್ನು ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿ ಹೇಳುತ್ತಿದ್ದೇನೆ. ಹೇಳಿದ್ದು ಅವಳ ಮೇಲೆ ನಿನಗೆ ಸಿಟ್ಟು ಬರಲಿ ಎಂದಲ್ಲ. ಯಾರೂ ನಿನ್ನನ್ನು ಲೆಕ್ಕಕ್ಕೇ ಹಿಡಿದಿಲ್ಲ ಎಂದು ನೀನು ಅಂದುಕೊಂಡಿದ್ದೀಯಲ್ಲ, ಅದು ಸುಳ್ಳೆಂದು ತಿಳಿಯಲಿ ಎಂದು. ಹಿಡಿದವಳು ಒಬ್ಬಳಿದ್ದಾಳೆ, ಅದೂ ಆ ಜಾಗದ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವಳು.

ಶ್ರೇಷ್ಠಳು ಯಾರು ಎಂದು ನನ್ನನ್ನು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಕೋಪರಿಯಲ್ಲಿ ಸ್ಟೇಷನ್ನಿನ ಎದುರು ಮೂರು ಉಡುಪಿ ಹೋಟೆಲು ಉಂಟು. ಯಾರ ದೋಸೆ ಶ್ರೇಷ್ಠ ಎಂದು ಜನ ನಮ್ಮ ಹೋಟೆಲಿನಲ್ಲಿ ಕೂತು, ನಮ್ಮ ದೋಸೆ ತಿನ್ನುತ್ತಾ ವಾದ ಮಾಡುತ್ತಾರೆ, ಎದುರಿನವರದೇ ಒಳ್ಳೆಯದು ಎಂದು ತೀರ್ಮಾನಿಸಿ ಕೈ ತೊಳೆದು ಹೋಗುತ್ತಾರೆ. ಮರುದಿನ ಪುನಃ ಬರುತ್ತಾರೆ. ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು. ಈಗ ಅನಿಸುತ್ತದೆ, ಜನರಿಗೆ ಒಬ್ಬರನ್ನು ಎಲ್ಲರ ಮೇಲೆ ಕೂರಿಸದೆ ಮಾತಾಡಿ ಗೊತ್ತಿಲ್ಲ. ಕೂರಿಸಿದ ಮೇಲೆ ಉಳಿದವರ ಮುಖ ನೋಡುವ ಅಭ್ಯಾಸ ಅವರಿಗಿಲ್ಲ. ಮೇಲೆ ಕೂತವಳ ಮುಖವನ್ನೂ ಅವರು ಸರಿಯಾಗಿ ನೋಡುವುದಿಲ್ಲ, ಕಾಳವ್ವ ಬಂದ ಮೇಲೆ ಅದೂ ನನಗೆ ತಿಳಿಯಿತು.

ಒಂದು ಮಾತ್ರ ನಾನು ಖಂಡಿತ ಹೇಳಬಲ್ಲೆ. ನಿನ್ನ ಪಪ್ಪ ನಿಮ್ಮ ಮ್ಯಾಚುಗಳ ರೆಕಾರ್ಡಿಂಗ್ ಮನೆಯಲ್ಲಿ ಎಷ್ಟು ಸಲ ಹಾಕಿ ನೋಡುತ್ತಾರೆ ಗೊತ್ತೇ? ಗೋಲು ಬಂದಲ್ಲಿ ನಿಲ್ಲಿಸುವುದಿಲ್ಲ. ಆಟದ ನಡುವೆ ಬಿಡುವು ಬಂದಾಗ ನೀನು ನೀರಿನ ಬಾಟ್ಲಿ ಹಿಡಿದು ಓಡಿ ಬಂದು, ಬಗ್ಗಿ ವೈಶಾಲಿಯ ಪ್ಯಾಡಿನ ಪಟ್ಟಿ ಬಿಗಿಯುತ್ತೀಯಲ್ಲ, ಅಲ್ಲಿ ನಿಲ್ಲಿಸುತ್ತಾರೆ. ಕ್ಯಾಮರಾ ನಿನ್ನನ್ನು ಬಿಟ್ಟು ಬೇರೆ ಕಡೆ ಹೋದರೆ ಹಿಂದಕ್ಕೆ ಓಡಿಸಿ ಪುನಃ ನೋಡುತ್ತಾರೆ. ನಾನು ಅಡುಗೆಮನೆಯಿಂದ “ಅದರಲ್ಲಿ ಏನು ನೋಡಲಿಕ್ಕುಂಟು” ಎಂದರೆ, “ಎಷ್ಟು ಬೇಗ ಬಿಗಿಯುತ್ತಾಳೆ ನೋಡು” ಎನ್ನುತ್ತಾರೆ.

ಕ್ಯಾಂಪಿಗೆ ಹೋಗುವುದು ಬಿಡುವುದು ನಿನ್ನ ಇಷ್ಟ. ನಿನಗೆ ಆಟ ಸಾಕೆನಿಸಿದ್ದರೆ ಬಿಡು, ನಾನು ಒಂದು ಮಾತೂ ಆಡುವುದಿಲ್ಲ. ಬೆಂಚಿನಲ್ಲಿ ಕೂತು ಕೂತು ಬೇಸತ್ತು ಬಿಡುವುದಿದ್ದರೂ ಬಿಡು, ಬೇಸರಕ್ಕೆ ನಿನಗೆ ಹಕ್ಕುಂಟು. ಆದರೆ ಮೆಗಾಬ್ಲಾಕಿನ ದಿನ ಹೊತ್ತು ಕಳೆಯಲು ಮಾಡಿದ ಒಂದು ಕೂಟದಲ್ಲಿ, ಪಾಲಿಗೆ ಬಂದ ಪಕ್ಷವನ್ನು ಹಿಡಿದು ನಿನ್ನ ಅಪ್ಪ ಆಡಿದ ಒಂದು ಮಾತಿಗಾಗಿ ಬಿಡಬೇಡ. ಅದು ಅವರ ಮಾತಲ್ಲ.

ಆದಿತ್ಯವಾರ ಮಧ್ಯಾಹ್ನದ ಮೇಲೆ ಹೋಟೆಲು ಮುಚ್ಚಿರುತ್ತದೆ, ಪಪ್ಪ ಮನೆಯಲ್ಲಿರುತ್ತಾರೆ. ಠಾಣೆಯಲ್ಲಿ ಗಾಡಿ ಬದಲಿಸಿ ಬಂದುಬಿಡು. ಅವರ ಹತ್ತಿರ ಮಾತಾಡಬೇಕೆಂದಿಲ್ಲ. ಉಂಡು, ಮಲಗಿ ಎದ್ದು ಹೋಗು. ಅವರಾಗಿ ಮಾತಾಡಿದರೆ ಮಾತ್ರ ಎದ್ದು ಹೋಗಬೇಡ, ಅಷ್ಟೇ ನಾನು ಕೇಳುವುದು. ಬರುವುದಾದರೆ ಒಂದು ಮೆಸೇಜು ಹಾಕು, ಹಿಂದಿಯಲ್ಲಾದರೂ ಆದೀತು, ಅಕ್ಕಿ ನೆನೆಹಾಕಬೇಕು.

ಉಡುಪಿಯ ಕೃಷ್ಣ ನಿನ್ನ ಕೈಕಾಲು ಗಟ್ಟಿಯಾಗಿ ಇಟ್ಟಿರಲಿ, ಅದಕ್ಕಿಂತ ಹೆಚ್ಚು ಮನಸ್ಸು ಗಟ್ಟಿಯಾಗಿ ಇಟ್ಟಿರಲಿ. ನೀನು ನಿಂತರೂ ಕೂತರೂ ನಮ್ಮ ಮಗಳೇ.

ನಿನ್ನ ಅಮ್ಮ,
ರಮಾಮಣಿ

ತಾ.ಕ.: ಬುಧವಾರ ಬೆಳಿಗ್ಗೆ. ಕವರು ಅಂಟಿಸಿ ಆಗಿತ್ತು, ಪುನಃ ಬಿಚ್ಚಿ ಬರೆಯುತ್ತಿದ್ದೇನೆ. ವಿಶ್ರುತ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತು ಗಡಿಬಿಡಿ ಮಾಡುತ್ತಿದ್ದಾನೆ. ಅಕ್ಷರ ಕೆಟ್ಟರೆ ಅವನಿಗೆ ಬೈ.

ನಿನ್ನೆ ಸಂಜೆ ಕೈಲಾಸ ರಾಯರು ಬಂದಿದ್ದರು. ನೀನು ಆಟ ಬಿಡುತ್ತೀ ಎಂದು ಕೇಳಿ ಅವರಿಗೆ ಕೂರಲಾಗಲಿಲ್ಲವಂತೆ. ನಾನು ಅವರನ್ನು ಸಮಾಧಾನ ಮಾಡಲು, ನೀವು ಮರ್ಯಾದೆಯ ಮಾತು ಆಡಿದಿರಿ, ಇವರ ಪಾಲಿಗೆ ಆ ಪಕ್ಷ ಬಂದಿತ್ತು, ಉತ್ತರ ಕೊಡಲೇಬೇಕಾಯಿತು, ಯಾರದೂ ತಪ್ಪಿಲ್ಲ ಎಂದೆ. ಅವರು ನನ್ನನ್ನೇ ನೋಡಿ, “ವೈನಿ, ನಿಮಗ ಗೊತ್ತಿಲ್ಲೇನು? ವಾಸು ವೈಶಾಲಿ ಪಕ್ಷ ಕೊಟ್ಟಿದ್ದು ನನಗ. ಆಕಿ ಶ್ರೇಷ್ಠ ಅಲ್ಲ ಅಂತ ವಾದಾ ಮಾಡೂದು ನಿಮ್ಮ ಮನಿಯವ್ರ ಪಾಲಿಗಿತ್ತು. ಅವ್ರ ನನ್ನ ಕೈ ಹಿಡದು, ರಾಯರೇ ಅದಲು ಬದಲು ಮಾಡುವ, ನನಗೆ ಅದು ಬೇಡ ಅಂದ್ರು. ಯಾಕ ಅಂದ್ರ ಹೇಳಲಿಲ್ಲ” ಎಂದರು.

ಮೇಲೆ ನಾನು ಪಾಲಿಗೆ ಬಂದ ಪಕ್ಷ ಎಂದು ಬರೆದದ್ದೆಲ್ಲ ಹಾಗಾದರೆ ಸರಿಯಲ್ಲ. ಹರಿದು ಹಾಕಬಹುದಿತ್ತು. ಹಾಕಲಿಲ್ಲ, ನೀನು ಎರಡನ್ನೂ ಓದು.

ಇವತ್ತು ಬೆಳಿಗ್ಗೆ ಅವರು ಹೋಟೆಲಿಗೆ ಹೊರಡುವ ಮೊದಲು ಕಾಫಿ ಕೊಟ್ಟು ಕೇಳಿದೆ. ಮೊದಲು, ನೀನು ಯಾವಾಗಿನಿಂದ ವಕೀಲಿ ಶುರು ಮಾಡಿದ್ದು ಎಂದು ಹಾರಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಆಗ ಲೋಟ ಕೆಳಗಿಟ್ಟು ಹೇಳಿದರು.

“ಎದುರು ಪಕ್ಷ ಹಿಡಿದಿದ್ದರೆ ನಾನು ಗೆಲ್ಲುತ್ತಿದ್ದೆ ರಮಾ. ವೈಶಾಲಿ ಅಂಥ ದೊಡ್ಡವಳೇನಲ್ಲ ಅಂತ ಆ ಸಭೆ ಒಪ್ಪುತ್ತಿತ್ತು, ಅಷ್ಟು ಮಾತು ನನ್ನ ಹತ್ತಿರ ಇತ್ತು. ಮತ್ತೆ ನಮ್ಮ ಮಗು ಇಷ್ಟು ವರ್ಷ ಕೂತದ್ದು ಯಾರ ಹಿಂದೆ? ಯಾರೋ ಒಬ್ಬಳ ಹಿಂದೆಯಾ?”

ನಾನು ಬಾಗಿಲು ಬಿಟ್ಟೆ. ಅವರು ಕಾಫಿ ಅರ್ಧ ಬಿಟ್ಟು ಸ್ಟೇಷನ್ನಿಗೆ ಹೋದರು.